ತಿರುಗಿಸಿದೆ, ತಿರುಗಲಿಲ್ಲ

—ಗೊರಗೊರ ಅಂದು ಕಾಫಿ ಯಂತ್ರ ಅರ್ಧ ಲೋಟ ಉಗುಳಿ ನಿಂತುಬಿಟ್ಟಿತು, ಇನ್ನರ್ಧ ಎಲ್ಲಿ ಹೋಯಿತು ಎಂದು ಕೇಳಬೇಕು, ಯಾರನ್ನು ಕೇಳುವುದು, ಈ ಸರ್ವಿಸ್ ಸೆಂಟರಿನಲ್ಲಿ ಏನು ಕೇಳಿದರೂ ಕೂತಿರಿ ಸರ್ ಅನ್ನುತ್ತಾರೆ, ಕೂತಿದ್ದೇನೆ, ಬೆಳಗ್ಗೆ ಹತ್ತರಿಂದ ಕೂತಿದ್ದೇನೆ, ಈ ಸೋಫಾದಲ್ಲಿ ನನ್ನ ಅಚ್ಚೇ ಬಿದ್ದಿರಬೇಕು, ಈಗ ಮೂರೂ ಮುಕ್ಕಾಲು, ಐದಕ್ಕೆ ಹೆಂಡತಿ ಲ್ಯಾಬಿನ ಕಾಗದಕ್ಕೆ ಸಹಿ ಹಾಕುತ್ತಾಳೆ, ಹಾಕಬಾರದು, ಅದಕ್ಕೇ ಬಂದಿದ್ದೇನೆ, ಒಂದು ಚೀಟಿ ಸಾಕು, ಈ ಗಾಡಿಯ ಸ್ಟೇರಿಂಗ್ ಕೆಟ್ಟಿತ್ತು ಎಂದು ಕಂಪನಿಯ ಮುದ್ರೆ ಬಿದ್ದ ಒಂದೇ ಒಂದು ಸಾಲು, ಅದನ್ನು ಹಿಡಿದುಕೊಂಡು ಅವಳ ಲ್ಯಾಬಿಗೆ ಓಡಬೇಕು, ನೋಡು ಕಣೇ, ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ ಅನ್ನಬೇಕು, ಇಪ್ಪತ್ತು ನಿಮಿಷದ ದಾರಿ — ಗಾಜಿನ ಗೋಡೆಯಾಚೆ ನಮ್ಮ ಗಾಡಿ ಎರಡು ಕಬ್ಬಿಣದ ತೋಳುಗಳ ಮೇಲೆ ಆಳೆತ್ತರದಲ್ಲಿ ನಿಂತಿದೆ, ಅದರ ಹೊಟ್ಟೆ ಕಾಣುತ್ತಿದೆ, ಕೆಸರು ಒಣಗಿದ ಹೊಟ್ಟೆ, ನೋಡಲು ಒಂಥರಾ ನಾಚಿಕೆಯಾಗುತ್ತದೆ, ಹತ್ತೊಂಬತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು, ಎಷ್ಟು ಸಾವಿರ ಕೈಗಳನ್ನು ಸ್ಟೇರಿಂಗಿನ ಮೇಲೆ ಇಡಿಸಿದ್ದೇನೋ ಲೆಕ್ಕವಿಲ್ಲ, ಹತ್ತು ಗಂಟೆಯ ಜಾಗದಲ್ಲಿ ಎಡಗೈ, ಎರಡು ಗಂಟೆಯ ಜಾಗದಲ್ಲಿ ಬಲಗೈ, ಗಡಿಯಾರ ನೋಡಿದ್ದೀಯೇನಮ್ಮ, ಹಾಂ, ಹಾಗೆ, ಕತ್ತು ಹಿಸುಕಬೇಡ, ಹಿಡಿ ಸಾಕು, ಮತ್ತೆ ಯಾರಾದರೂ ಗಾಡಿ ಎಳೀತಾ ಇದೆ ಮೇಷ್ಟ್ರೇ ಅಂದರೆ ನನ್ನ ಬಾಯಿಗೆ ತಾನಾಗಿ ಬರುತ್ತಿದ್ದ ಮಾತು, ಗಾಡಿ ಮೇಲೆ ಹೇಳ್ಬೇಡ, ಕೈ ನೋಡ್ಕೋ. ಎಂಥ ಜಂಬದ ಮಾತು.

ಅವಳಿಗೂ ಅದನ್ನೇ ಹೇಳಿದೆ. ಗೋಡೆಯ ಹತ್ತಿರ, ಹತ್ತು ಜನರ ಎದುರಿಗೆ, ಸ್ವಂತ ಹೆಂಡತಿಗೆ. ಮೂರು ತಿಂಗಳಾಯಿತು, ಬೆಳಗ್ಗೆ ಏಳೂವರೆ, ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ, ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ, ಅದರೊಳಗೆ ಹೆಸರು ಅಂಟಿಸಿದ ಸೀಸೆಗಳು, ಶಾಲೆಯ ಕಾಂಪೌಂಡಿನ ತಿರುವಿನಲ್ಲಿ ಬಲಕ್ಕೆ ತಿರುಗಬೇಕು, ದಿನಾ ತಿರುಗುವ ತಿರುವು, ಗಾಡಿ ನೆಟ್ಟಗೆ ಹೋಗಿ ಗೋಡೆಗೆ ಗುದ್ದಿತು, ನಾಯಿ ಹಿಡಿದುಕೊಂಡು ನಿಂತಿದ್ದ ಮುದುಕರೊಬ್ಬರು ಒಂದು ಮೊಳದ ಅಂತರದಲ್ಲಿ ಉಳಿದರು, ನಾನು ಹೋಗುವಷ್ಟರಲ್ಲಿ ಅವಳು ಫುಟ್‌ಪಾತಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು, ಯಾರದೋ ಕೈ ನೋಡುವ ಹಾಗೆ, ತಿರುಗಿಸಿದೆ ರೀ, ತಿರುಗ್ಲಿಲ್ಲ, ತಿರುಗಿಸಿದೆ, ತಿರುಗ್ಲಿಲ್ಲ — ನಾನೇನು ಮಾಡಿದೆ, ಸೀದಾ ಗಾಡಿ ಹತ್ತಿ ಚಾಲೂ ಮಾಡಿ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿತು, ಒಂದೇ ಬೆರಳಲ್ಲಿ ತಿರುಗಿಸಿ ತೋರಿಸಿದೆ, ಎಲ್ಲರಿಗೂ ಕಾಣುವ ಹಾಗೆ, ನೋಡು, ತಿರುಗುತ್ತೆ, ನೀನು ತಿರುಗಿಸ್ಲೇ ಇಲ್ಲ, ಏನೋ ಯೋಚ್ನೆಲಿದ್ದೆ, ಗಾಡಿ ಮೇಲೆ ಹೇಳ್ಬೇಡ, ಕೈ ನೋಡ್ಕೋ. ಅವಳು ಆಗಲೇ ಕೈ ನೋಡಿಕೊಳ್ಳುತ್ತಿದ್ದಳಲ್ಲ. ಆಮೇಲೆ ಜಗಳವಿಲ್ಲ, ಅಳುವಿಲ್ಲ, ಹೌದಿರ್ಬೇಕು ಬಿಡಿ ಅಂದಳು, ಅಷ್ಟೇ, ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಟೈ ಕಟ್ಟಿದವನು ಬರುತ್ತಿದ್ದಾನೆ, ಇಲ್ಲ, ನನ್ನ ಕಡೆಗಲ್ಲ, ಇನ್ನೊಬ್ಬರಿಗೆ ನಗು ಹಂಚಲು ಹೋದ, ಮೊದಲ ಸಲ ಬಂದಾಗಲೂ ಇವನೇ, ಗಾಡಿಗೆ ಕಂಪ್ಯೂಟರ್ ಚುಚ್ಚಿ ನೋಡಿ ಯಾವ ದೋಷಾನೂ ತೋರಿಸ್ತಿಲ್ಲ ಸರ್ ಅಂದ, ಈಗ ತೋರಿಸ್ತಿಲ್ಲ ಕಣಯ್ಯ, ಆಗ ಆಗಿತ್ತು, ಬಂದ್ ಮಾಡಿ ಮತ್ತೆ ಚಾಲೂ ಮಾಡಿದ್ರೆ ಸರಿಯಾಗಿಬಿಡುತ್ತೆ, ಅದೇ ಅದರ ಕಾಯಿಲೆ, ಹಾಗಾದ್ರೆ ಕೆಟ್ಟಾಗ ತಗೊಂಡ್ಬನ್ನಿ ಸರ್, ಆಹಾ, ಸ್ಟೇರಿಂಗ್ ತಿರುಗದ ಗಾಡಿಯನ್ನು ಯಾವ ದಾರಿಯಲ್ಲಿ ತರಲಿ, ನೆಟ್ಟಗಿರುವ ದಾರಿ ನೋಡಿ ತರಲೇ. ಎರಡನೆಯ ಸಲಕ್ಕೆ ಕಂಪನಿಯಿಂದಲೇ ಮೆಸೇಜು ಬಂತು, ನಿಮ್ಮ ಸುರಕ್ಷತೆಯೇ ನಮ್ಮ ಮೊದಲ ಕಾಳಜಿ, ನಿಮ್ಮ ವಾಹನವನ್ನು ರೀಕಾಲ್ ಮಾಡಲಾಗಿದೆ, ಸ್ಟೇರಿಂಗ್ ಮೋಟರ್ ಬದಲಿಸಿಕೊಡುತ್ತೇವೆ, ಕುಣಿದಾಡುವುದೊಂದು ಬಾಕಿ ನನಗೆ, ಓಡಿ ಬಂದರೆ ಮೋಟರ್ ಸ್ಟಾಕ್ ಇಲ್ಲ ಸರ್, ಊಟಕ್ಕೆ ಬನ್ನಿ ಎಂದು ಬೀದಿಯಲ್ಲಿ ನಿಂತು ಕೂಗಿ ಕರೆದು ಎಲೆ ಮುಂದೆ ಕೂತ ಮೇಲೆ ಒಲೆ ಹಚ್ಚಿಲ್ಲ ಅಂದ ಹಾಗೆ, ಅಲ್ಲಿವರೆಗೆ ಗಾಡಿ ಓಡಿಸಬಹುದಾ, ಓಡಿಸ್ಬೋದು ಸರ್, ಸ್ವಲ್ಪ ಹುಷಾರಾಗಿ, ಎಷ್ಟು ಹುಷಾರಾಗಿ, ತಿರುವು ಬಂದರೆ ಇಳಿದು ತಳ್ಳಬೇಕಾ, ಅವನು ನಕ್ಕ, ತಮಾಷೆ ಮಾಡ್ತೀರಾ ಸರ್ ಅಂದ. ಮೂರನೆಯ ಸಲ ಮೋಟರ್ ಬಂದಿತ್ತು, ಆದರೆ ಅವರ ಪುಸ್ತಕದಲ್ಲಿ ನನ್ನ ಗಾಡಿಯ ನಂಬರಿನ ಒಂದು ಅಂಕಿ ತಪ್ಪು ಬಿದ್ದಿತ್ತು, ಹಾಗಾಗಿ ನನ್ನ ಗಾಡಿ ನನ್ನದಲ್ಲ, ಅದರ ಕಾಯಿಲೆಯೂ ನನ್ನದಲ್ಲ, ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ, ಹೀಗೆ ಎರಡು ತಿಂಗಳು, ಎರಡು ತಿಂಗಳಲ್ಲಿ ಮನೆಯಲ್ಲಿ ಏನಾಯಿತು ಅನ್ನುವುದನ್ನು ಯಾವ ನಂಬರ್ ಒತ್ತಿ ಹೇಳುವುದು.

ಏನಾಯಿತು ಎಂದರೆ, ಅವಳು ಗಾಡಿ ಮುಟ್ಟಲಿಲ್ಲ, ಬಸ್ಸಿನಲ್ಲಿ ಓಡಾಡಿದಳು, ಅದು ಹೋಗಲಿ, ಕಳೆದ ತಿಂಗಳು ಒಬ್ಬ ಅಜ್ಜಿಯ ಕೈಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ, ಎಳೆ ಮಕ್ಕಳ ಕೈಯಲ್ಲೂ ಮೊದಲ ಸಲಕ್ಕೇ ನರ ಹಿಡಿಯುವವಳು, ಕಣ್ಣಿಗಿಂತ ಬೆರಳಿಗೇ ಗೊತ್ತಾಗುತ್ತೆ ರೀ ಅನ್ನುತ್ತಿದ್ದವಳು, ಮನೆಗೆ ಬಂದು ಲೋಟ ತೊಳೆಯುತ್ತಾ ನಿಂತು ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ ಕಣ್ರೀ ಅಂದಳು, ನಲ್ಲಿ ಹರಿಯುತ್ತಲೇ ಇತ್ತು, ಲ್ಯಾಬ್ ಮೇಡಮ್ಮಿಗೆ ಹೇಳಿದೀನಿ, ಕೌಂಟರಿನಲ್ಲಿ ರಿಪೋರ್ಟ್ ಕೊಡೋ ಕೆಲ್ಸ ಇದೆಯಂತೆ, ಒಂದ್ಸಲ ಸಹಿ ಹಾಕಿಕೊಟ್ರೆ ಸೂಜಿ ಕೆಲ್ಸಕ್ಕೆ ವಾಪಸ್ ಬರಕ್ಕಾಗಲ್ವಂತೆ, ಇರ್ಲಿ ಬಿಡಿ. ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂತು, ನುಂಗಿಕೊಂಡೆ, ಯಾಕೆಂದರೆ ಆಗಲೇ ನನಗೆ ಗೊತ್ತಿತ್ತು.

ಗೊತ್ತಾದದ್ದು ಹೀಗೆ, ಗಾಡಿಯ ಮೂತಿ ರಿಪೇರಿಯಾಗಿ ಬಂದ ಮಾರನೆಯ ವಾರ, ತರಕಾರಿ ಅಂಗಡಿಗಳ ಸಾಲು, ನಾನೊಬ್ಬನೇ, ಬಲಕ್ಕೆ ತಿರುಗಿಸಬೇಕು, ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಚಿಕ್ಕ ಸ್ಟೇರಿಂಗಿನ ಚಿತ್ರ, ಪಕ್ಕದಲ್ಲೊಂದು ಆಶ್ಚರ್ಯಸೂಚಕ, ಅದಕ್ಕೂ ಆಶ್ಚರ್ಯ, ಕೈಯಲ್ಲಿದ್ದ ಚಕ್ರ ಕಲ್ಲಾಯಿತು, ಬೀಸುವ ಕಲ್ಲು, ತಿರುಗಿಸಿದೆ, ತಿರುಗಲಿಲ್ಲ, ಟೊಮೆಟೊ ಬುಟ್ಟಿಗಳು ಹತ್ತಿರ ಬರುತ್ತಿವೆ, ಬುಟ್ಟಿಯ ಹಿಂದೆ ಒಬ್ಬಳ ಬಾಯಿ ತೆರೆದಿದೆ, ಮೈಯ ಶಕ್ತಿಯನ್ನೆಲ್ಲ ಎಡಗೈಗೆ ತಂದು ದಬ್ಬಿದೆ, ಬ್ರೇಕಿನ ಮೇಲೆ ಎದ್ದೇ ನಿಂತೆ, ಗಾಡಿ ನಿಂತಿತು — ಆಗ ಬೆರಳಿಗೆ ಸಿಕ್ಕಿತು. ಸ್ಟೇರಿಂಗಿನ ಸ್ಪಂಜಿನ ಕವರಿನ ಒಳಮಗ್ಗುಲಿನಲ್ಲಿ, ಕಣ್ಣಿಗೆ ಕಾಣದ ಕಡೆ, ನಾಲ್ಕು ಗುರುತು. ಹತ್ತು ಗಂಟೆಯ ಜಾಗದಿಂದ ಒಂದಿಷ್ಟು ಮೇಲೆ, ಒಂದರ ಪಕ್ಕ ಒಂದು, ನಾಲ್ಕು ಉಗುರಿನ ಗುರುತು, ನನ್ನ ಬೆರಳುಗಳು ಅವುಗಳ ಮೇಲೇ ಕೂತಿದ್ದವು, ನನ್ನ ಬೆರಳು ದೊಡ್ಡದು, ಅವು ಚಿಕ್ಕವು. ರಕ್ತ ತೆಗೆಯುವವಳು ಉಗುರು ಬೆಳೆಸುವುದಿಲ್ಲ, ಬುಡಕ್ಕೆ ಕತ್ತರಿಸಿರುತ್ತಾಳೆ, ಅಷ್ಟು ಮೊಂಡು ಉಗುರು ಕವರನ್ನು ಸೀಳಿ ಇಳಿಯಬೇಕಾದರೆ ಎಷ್ಟು ಹಿಡಿದಿರಬೇಕು, ಎಷ್ಟು ದಬ್ಬಿರಬೇಕು, ಹತ್ತೊಂಬತ್ತು ವರ್ಷ ಕೈ ಓದಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಯೋಚನೆಯಲ್ಲಿದ್ದ ಕೈ ಹೀಗೆ ಕಚ್ಚುವುದಿಲ್ಲ, ತಡವಾಗಿ ತಿರುಗಿಸಿದ ಕೈ ಆ ಜಾಗದಲ್ಲಿ ಇರುವುದಿಲ್ಲ, ಎಡಗೈ ಎಲ್ಲಿ ಇರಬೇಕೋ ಅಲ್ಲೇ ಇತ್ತು, ಯಾವ ಕಡೆಗೆ ದಬ್ಬಬೇಕೋ ಆ ಕಡೆಗೇ ದಬ್ಬಿತ್ತು, ನಾನು ಕಲಿಸಿದ ಹಾಗೆಯೇ. ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ಹಳದಿ ದೀಪ ಮಾಯ, ಬೆಣ್ಣೆ. ಮನೆಗೆ ಹೋಗಿ ಕೈಕಾಲು ತೊಳೆದು ಊಟ ಮಾಡಿದೆ. ಹೇಳಲಿಲ್ಲ. ಕಾಗದ ಸಿಗಲಿ, ಕಾಗದದ ಸಮೇತ ಹೇಳೋಣ, ಬರೀ ಬಾಯಲ್ಲಿ ಹೇಳಿದರೆ ನನ್ನ ಸಮಾಧಾನಕ್ಕೆ ಹೇಳ್ತೀರಿ ಅನ್ನುತ್ತಾಳೆ ಎಂದುಕೊಂಡೆ, ಸುಳ್ಳು, ಅದಲ್ಲ, ಹಾಗಾದ್ರೆ ಅವತ್ತು ಗೋಡೆ ಹತ್ರ ಏನಂದ್ರಿ ಎಂದು ಕೇಳಿದರೆ ಏನು ಹೇಳಲಿ ಅನ್ನುವ ಪುಕ್ಕಲುತನ, ತಪ್ಪಾಯಿತು ಅನ್ನುವ ಮೂರು ಕಾಸಿನ ಮಾತಿಗೆ ಕಂಪನಿಯ ಮುದ್ರೆ ಬೇಕಾಯಿತು ನನಗೆ.

ಸರ್, ರೆಡಿ ಸರ್. ಟೈ. ನಾಲ್ಕೂ ಹತ್ತು. ಗಾಡಿ ಆಗಲೇ ಕೆಳಗಿಳಿದು ತೊಳೆಯಲು ಹಿಂದೆ ಹೋಗಿ ಬಂದು ಬಾಗಿಲ ಮುಂದೆ ಮದುವಣಗಿತ್ತಿಯ ಹಾಗೆ ನಿಂತಿದೆ, ಅವನು ಕಾಗದ ಚಾಚಿದ, ಓದಿದೆ, ಮುನ್ನೆಚ್ಚರಿಕೆಯ ಕ್ರಮವಾಗಿ ಮೋಟರ್ ಬದಲಿಸಲಾಗಿದೆ, ತಪಾಸಣೆಯಲ್ಲಿ ಯಾವುದೇ ದೋಷ ಕಂಡುಬಂದಿಲ್ಲ, ಗ್ರಾಹಕರು ತೃಪ್ತರಾಗಿದ್ದಾರೆ, ಯಾರಯ್ಯ ತೃಪ್ತ, ನಾನಾ, ದೋಷ ಇಲ್ಲದಿದ್ರೆ ಯಾಕೆ ಬದಲಾಯಿಸಿದ್ರಿ, ರೀಕಾಲ್ ಅಂದ್ರೆ ಮುನ್ನೆಚ್ಚರಿಕೆ ಸರ್, ನಿಮ್ಮ ಗಾಡೀಲೇ ದೋಷ ಇತ್ತು ಅಂತ ಅಲ್ಲ, ಸರಿ, ತೆಗೆದ ಮೋಟರ್ ಕೊಡಿ, ಅದನ್ನ ಕಂಪನಿಗೆ ಕಳಿಸ್ಬೇಕು ಸರ್, ಮಧ್ಯಾಹ್ನವೇ ಹೋಯ್ತು, ನನ್ನ ಹೆಂಡತಿ ಗೋಡೆಗೆ ಗುದ್ದಿದಾಳೆ ಕಣಯ್ಯ ಇದರಿಂದ, ಅಯ್ಯೋ, ಈಗ ಹೇಗಿದಾರೆ ಸರ್ ಮೇಡಮ್, ಇವನಿಗೆ ಬೈಯಲೂ ಆಗುವುದಿಲ್ಲ, ನಿಜವಾಗಿಯೂ ಮುಖ ಚಿಕ್ಕದು ಮಾಡುತ್ತಾನೆ. ಒಳಗಿನಿಂದ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ಕಂಬದ ಹಿಂದೆ ಕರೆದ, ಮೇಷ್ಟ್ರೇ, ನನ್ ಮಗಳಿಗೆ ನೀವೇ ಕಲಿಸಿದ್ದು, ಅದಕ್ಕೆ ಹೇಳ್ತೀನಿ, ಮೋಟರ್ ಸತ್ತಿತ್ತು, ಈ ವಾರದಲ್ಲಿ ಇದು ಆರನೇದು, ಬರೆದುಕೊಡಪ್ಪ ಹಾಗಂತ, ಬಾಯಲ್ಲಿ ಹೇಳ್ಬೋದು ಮೇಷ್ಟ್ರೇ, ಬರೆದುಕೊಡಕ್ಕಾಗಲ್ಲ, ನನ್ ಹೊಟ್ಟೆ ಮೇಲೆ ಹೊಡಿಬೇಡಿ.

ಆಗಲಿ, ಹಾಳಾಗಿ ಹೋಗಲಿ ಇವರ ಕಾಗದ, ಕಾಗದ ಯಾಕೆ, ಗುರುತು ಇದೆಯಲ್ಲ, ಅದನ್ನು ಯಾವ ಕಂಪನಿಯೂ ಬರೆದುಕೊಡಬೇಕಾಗಿಲ್ಲ, ಅವಳೇ ಬರೆದದ್ದು, ಕರೆದುಕೊಂಡು ಬಂದು ಸೀಟಿನಲ್ಲಿ ಕೂರಿಸಿ ಎಡಗೈ ಹಿಡಿದು ಆ ಜಾಗದಲ್ಲಿ ಇಡುತ್ತೇನೆ, ಬೆರಳಿಗೇ ಗೊತ್ತಾಗುತ್ತದೆ ಅವಳಿಗೆ, ಅವಳ ಉಗುರು, ಅವಳ ಗುರುತು, ಇದು ಮೊದಲೇ ಯಾಕೆ ಹೊಳೆಯಲಿಲ್ಲ ದಡ್ಡನಿಗೆ, ನಾಲ್ಕೂ ಇಪ್ಪತ್ತೈದು, ಬಾಗಿಲು ತೆಗೆದೆ, ಶಾಂಪೂ ವಾಸನೆ, ಕಾಲಡಿಗೆ ಹೊಸ ಪೇಪರು, ಕೂತೆ, ಎಡಗೈ ಇಟ್ಟೆ — ನುಣುಪು. ಕರಿ ತೊಗಲಿನಂಥದು, ಕೆಂಪು ಹೊಲಿಗೆ, ಹೊಸದು. ಟೈ ಕಿಟಕಿಯ ಹತ್ತಿರ ಬಗ್ಗಿ ನಗುತ್ತಿದ್ದಾನೆ, ಹಳೇ ಕವರ್ ಒಳಗಡೆ ಹರಿದಿತ್ತು ಸರ್, ನಾಲ್ಕು ಸಲ ಓಡಾಡ್ಸಿದೀವಲ್ಲ, ನಮ್ ಕಡೆಯಿಂದ ಫ್ರೀ, ಹಳೇದೆಲ್ಲಿ, ಹಳೇದಾ ಸರ್, ಹಳೇದೆಲ್ಲಯ್ಯ, ಕಸದ ಗಾಡಿ ಮೂರಕ್ಕೇ ಬರುತ್ತೆ ಸರ್, ಯಾಕೆ ಸರ್, ಏನಾದ್ರೂ ಬೇಕಿತ್ತಾ.

ಬೆರಳು ಒತ್ತಿದೆ, ಅದೇ ಜಾಗದಲ್ಲಿ, ಒಳಮಗ್ಗುಲಿನಲ್ಲಿ, ಉಗುರು ನೋಯುವಷ್ಟು ಒತ್ತಿದೆ, ಬಿಟ್ಟ ಕೂಡಲೇ ಉಬ್ಬಿ ಸಮವಾಯಿತು, ಏನೂ ನಿಲ್ಲುವುದಿಲ್ಲ ಇದರ ಮೇಲೆ, ಒಳ್ಳೆಯ ಮಾಲು, ಫೋನು ಬಡಿದುಕೊಳ್ಳುತ್ತಿದೆ, ಅವಳೇ, ಏನಾಯ್ತು ರೀ, ಸರಿಯಾಯ್ತಾ ಗಾಡಿ, ಹೂಂ, ಏನಾಗಿತ್ತಂತೆ, ಏನೂ ಆಗಿರಲಿಲ್ವಂತಾ, ಅವಳೇ ಹೇಳಿಕೊಡುತ್ತಿದ್ದಾಳೆ ಉತ್ತರ, ನಂಗೊತ್ತಿತ್ತು ಬಿಡಿ, ಮೇಡಮ್ ಕರೀತಿದಾರೆ, ಸಹಿ ಹಾಕಿ ಬಂದ್ಬಿಡ್ತೀನಿ, ಹಾಕಬೇಡ, ಯಾಕೆ, ಹಾಕ್ಬೇಡ ಕಣೇ, ನೀನು ತಿರುಗಿಸಿದ್ದೆ, ನಂಗೊತ್ತು, ನಿನ್ನ ಉಗುರಿನ ಗುರುತಿತ್ತು ಕವರಲ್ಲಿ, ಒಳಗಡೆ, ನಾಲ್ಕು, ನಾನೇ ನೋಡಿದೀನಿ, ನನ್ನ ಕೈಯಲ್ಲೂ ತಿರುಗ್ಲಿಲ್ಲ ಅದು, ತಪ್ಪು ನಂದು — ಆ ಕಡೆ ಲ್ಯಾಬಿನ ಯಾವುದೋ ಯಂತ್ರ ತಿರುಗುತ್ತಿದೆ, ಸೀಸೆಗಳು ಕಿಣಿಕಿಣಿ ಅನ್ನುತ್ತಿವೆ, ಆಮೇಲೆ ತೀರಾ ಮೆಲ್ಲಗೆ, ಯಾವಾಗ ನೋಡಿದ್ರಿ? ಯಾವಾಗ. ಹಳದಿ ದೀಪ, ಟೊಮೆಟೊ ಬುಟ್ಟಿ, ನಲ್ಲಿಯ ನೀರು, ಲೋಟ, ಯಾವಾಗ ನೋಡಿದ್ರಿ ಅಂತ ಕೇಳ್ದೆ, ಬೆರಳು ಹೊಸ ಕವರಿನ ಒಳಮಗ್ಗುಲನ್ನು ತಡವುತ್ತಿದೆ, ಹತ್ತು ಗಂಟೆಯ ಜಾಗದಿಂದ ಒಂದಿಷ್ಟು ಮೇಲೆ, ನಾಲ್ಕು, ಒಂದರ ಪಕ್ಕ ಒಂದು, ಚಿಕ್ಕವು, ಎರಡು ತಿಂಗಳು, ನಾಲ್ಕು ಗುರುತು, ನಾಲ್ಕು—