ಎರಡು ಸಲ ತೊಳೆದ ಬೀಜ

ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವುದು ನಮ್ಮ ಮನೆಯ ವಿದ್ಯೆ. ಜಂಬ ಕೊಚ್ಚುತ್ತಿದ್ದಾನೆ ಅಂದುಕೊಂಡರೆ ಅಂದುಕೊಳ್ಳಿ. ಬಕೆಟ್ ನೀರಿಗೆ ಕಲ್ಲುಪ್ಪು ಕರಗಿಸುತ್ತಾ ಹೋಗಬೇಕು, ಅದರಲ್ಲಿ ಒಂದು ಕೋಳಿಮೊಟ್ಟೆ ಬಿಡಬೇಕು. ಮೊಟ್ಟೆಯ ನೆತ್ತಿ ಎಂಟಾಣೆ ಬಿಲ್ಲೆಯಷ್ಟು ನೀರಿನ ಮೇಲೆ ಕಂಡರೆ ಉಪ್ಪು ಸಾಕು. ಆಮೇಲೆ ಭತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಇದು ನನ್ನ ಅಪ್ಪ ಕಲಿಸಿದ್ದು. ಭದ್ರಾವತಿ ಪಕ್ಕದ ನನ್ನ ಎರಡು ಎಕರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಒಂದು ಸಲವೂ ಮೊಳಕೆ ಕೆಟ್ಟಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ನಾವು ಹದಿನೈದಿಪ್ಪತ್ತು ಸಣ್ಣ ರೈತರು ಶಿವಮೊಗ್ಗದಲ್ಲಿ ಸೇರುತ್ತೇವೆ. ಭಾಷಣ ಇಲ್ಲ, ಹಾರ ತುರಾಯಿ ಇಲ್ಲ. ಮುರಳಿಯ ಸೈಕಲ್ ಅಂಗಡಿಗೆ ಅವತ್ತು ರಜಾ, ಅದರ ಕಟ್ಟೆಯೇ ನಮ್ಮ ಸಭಾಂಗಣ. ಅವನಿಗೂ ಊರಲ್ಲಿ ಒಂದು ಎಕರೆ ಗದ್ದೆ ಇದೆ. ಗೊತ್ತಿರುವುದನ್ನು ಹೇಳಬೇಕು, ಇರುವ ಬೀಜ ಕೊಡಬೇಕು. ಬೀಜ ಒಯ್ದವರು ಮುಂದಿನ ವರ್ಷ ಒಂದಕ್ಕೆ ಎರಡು ವಾಪಸು ಕೊಡಬೇಕು, ನಮ್ಮಲ್ಲಿ ಅದೊಂದೇ ಕಾನೂನು. ಈ ಸಲ ಮುರಳಿ ನನ್ನ ಉಪ್ಪುನೀರಿನ ವಿದ್ಯೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿದ. "ಮೆಹಬೂಬ್ ಸಾಬ್ರ ಉಪ್ಪುನೀರು ವಿಧಾನ" ಅಂತ ಹೆಸರು ಬೇರೆ ಕೊಟ್ಟಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ನಾನೇ ಐದಾರು ಸಲ ಕೇಳಿಸಿಕೊಂಡೆ.

ಮುಂದೆ ನಾಲೆಗೆ ನೀರು ಬಿಟ್ಟರು. ಅದಾದ ಆರನೇ ದಿನ ಬೆಳಿಗ್ಗೆ ಶಂಕರಘಟ್ಟದ ಕಡೆಯ ದ್ಯಾಮಮ್ಮ ಒದ್ದೆ ಗೋಣಿಚೀಲ ಹೊತ್ತುಕೊಂಡು ನಮ್ಮ ಅಂಗಳಕ್ಕೆ ಬಂದಳು. ನಮ್ಮ ಭಾನುವಾರದ ಗುಂಪಿನವಳೇ. ಗಂಡ ಹೋದ ಮೇಲೆ ಒಂದು ಎಕರೆಯನ್ನು ಒಬ್ಬಳೇ ಮಾಡುತ್ತಿದ್ದಳು. ಅಲ್ಲಿಯವರೆಗೆ ಬೀಜದ ಕೆಲಸವೆಲ್ಲ ಗಂಡನದೇ ಆಗಿತ್ತು.

"ಅಣ್ಣ, ನೀವು ಹೇಳ್ದಂಗೇ ಮಾಡಿದೀನಿ. ನಾಲ್ಕು ದಿನ ಆಯ್ತು, ಒಂದು ಕಾಳೂ ಮೊಳಕೆ ಒಡೆದಿಲ್ಲ" ಅಂದಳು.

ಚೀಲಕ್ಕೆ ಕೈ ಹಾಕಿದೆ. ಕಾಳು ಲೋಳೆಯಾಗಿ ಹುಳಿ ವಾಸನೆ ಬರುತ್ತಿತ್ತು. ಅದು ಅಂಗಡಿಯ ಬೀಜವಾಗಿದ್ದರೆ ಇನ್ನೊಂದು ಚೀಲ ತರಬಹುದಿತ್ತು. ಆದರೆ ಅದು ಅವಳ ತಾಯಿ ತವರಿನಿಂದ ಕೊಟ್ಟು ಕಳಿಸಿದ್ದ ಕೆಂಪು ಭತ್ತ. ಈಗ ಆ ತವರಿನಲ್ಲೂ ಅದನ್ನು ಬೆಳೆಯುವವರಿಲ್ಲ.

"ಹೆಂಗೆ ನೆನೆಹಾಕ್ದೆ ಹೇಳು."

"ಮೊಟ್ಟೆ ತೇಲ್ತು, ಜೊಳ್ಳು ತೆಗೆದೆ. ಒಂದು ದಿನ ನೆನೀಲಿ ಅಂದಿದ್ರಿ, ಬಿಟ್ಟೆ."

"ಯಾವ ನೀರಲ್ಲಿ?"

"ಅದೇ ನೀರಲ್ಲಿ."

ನನಗೆ ಎಲ್ಲಿತ್ತೋ ಸಿಟ್ಟು. "ಅಲ್ಲ ಮಾರಾಯ್ತಿ, ಉಪ್ಪುನೀರಲ್ಲಿ ದಿನಪೂರ್ತಿ ಬಿಟ್ರೆ ಬೀಜ ಬದುಕುತ್ತಾ? ತೊಳೀಬೇಕು ಅಂತ ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ?" ಅಂದೆ.

ದ್ಯಾಮಮ್ಮ ಸೆರಗಿನ ಗಂಟಿನಿಂದ ಫೋನು ತೆಗೆದು ಒತ್ತಿದಳು. ನನ್ನ ಅಂಗಳದಲ್ಲಿ ನನ್ನದೇ ದನಿ ಠೀವಿಯಿಂದ ಹೇಳುತ್ತಿತ್ತು: ಜೊಳ್ಳು ತೆಗೀರಿ, ಒಂದು ದಿನ ನೆನೀಲಿ, ಆಮೇಲೆ ಗೋಣಿಚೀಲದಲ್ಲಿ ಕಟ್ಟಿಡಿ. ತೊಳೆಯುವ ಮಾತೇ ಇಲ್ಲ. ಇನ್ನೊಂದು ಸಲ ಹಾಕಿಸಿ ಕೇಳಿದೆ, ಆಗಲೂ ಇರಲಿಲ್ಲ.

"ನಿಮ್ಮ ಮಾತು ನಂಬ್ಕೊಂಡು ಮನೇಲಿದ್ದಿದ್ದನ್ನೆಲ್ಲ ಹಾಕ್ಬಿಟ್ಟೆ ಅಣ್ಣ. ಒಂದು ಹಿಡಿ ಎತ್ತಿಡಬೇಕಿತ್ತು, ಇಡ್ಲಿಲ್ಲ. ನಮ್ಮಮ್ಮನ ಬೀಜ ನನ್ನ ಕೈಯಲ್ಲೇ ಹೋಯ್ತು" ಎಂದು ಅವಳು ಅತ್ತಳು. ನನಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ನನ್ನ ಹೆಂಡತಿ ಹಾಜರಾ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅವರು ಮಾಡಿದ್ರೆ ತಾನೇ ಹೇಳೋಕೆ" ಅಂದಳು.

"ನಾನು ಮಾಡಲ್ವಾ?"

"ಮೊಟ್ಟೆ ತೇಲಿಸ್ತೀರ, ಜೊಳ್ಳು ತೆಗೀತೀರ, ಚಪ್ಪಲಿ ಹಾಕ್ಕೊಂಡು ಚಾ ಕುಡಿಯೋಕೆ ಹೋಗ್ತೀರ. ನೀವು ಬರೋದ್ರೊಳಗೆ ಅದನ್ನ ಎರಡು ಸಲ ತೊಳೆದು ಒಳ್ಳೆ ನೀರಿಗೆ ಹಾಕೋರು ಯಾರು ಅಂದ್ಕೊಂಡಿದೀರ?"

ತೊಳೆಯಬೇಕು ಅಂತ ನನಗೆ ಗೊತ್ತಿತ್ತು. ಆದರೆ ಈ ಕೈಯಿಂದ ಒಂದು ಸಲವೂ ತೊಳೆದಿರಲಿಲ್ಲ, ಅದಕ್ಕೇ ಹೇಳುವಾಗ ಬಾಯಿಗೆ ಬಂದಿರಲಿಲ್ಲ.

ಹಾಜರಾ ಕೈ ತೊಳೆದುಕೊಂಡು ಒಳಗೆ ಹೋಗಿ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ ತಂದಳು. ಹೋದ ವರ್ಷ ಸಭೆಯಲ್ಲಿ ದ್ಯಾಮಮ್ಮ ಕೊಟ್ಟಿದ್ದ ಒಂದು ಸೇರು ಕೆಂಪು ಭತ್ತವನ್ನು ನಾನು ಮುಲಾಜಿಗೆ ತಂದು ಮೂಲೆಗೆ ಹಾಕಿ ಮರೆತಿದ್ದೆ. ಹಾಜರಾ ಅದನ್ನು ಗದ್ದೆಯ ತಗ್ಗಿನ ಮೂಲೆಯಲ್ಲಿ ಬೆಳೆದಿದ್ದಳು. ಹೆಚ್ಚಿನದನ್ನು ನಾವು ಉಂಡು ಮುಗಿಸಿದ್ದೆವು. ಬೀಜಕ್ಕೆಂದು ಅವಳು ಬೇವಿನ ಸೊಪ್ಪು ಹಾಕಿ ಎತ್ತಿಟ್ಟದ್ದು ಆರು ಸೇರು.

"ಎರಡು ಸೇರು ನಿಂದೇ, ವಾಪಸು ಕೊಡಬೇಕಾದ್ದು. ಉಳಿದಿದ್ದನ್ನೂ ತಗೊ. ಬೆಳೆದ ಮೇಲೆ ನಮಗೆ ಕೊಡುವೆಯಂತೆ" ಅಂದಳು.

ದ್ಯಾಮಮ್ಮ ಒಂದು ಕಾಳನ್ನು ಉಗುರಿನಿಂದ ಸುಲಿದು, ಒಳಗಿನ ಕೆಂಪನ್ನು ಬೆಳಕಿಗೆ ಹಿಡಿದು ನೋಡಿದಳು. "ಇದೇ. ನಮ್ಮಮ್ಮಂದೇ" ಅಂದಳು.

"ಕಾಲೆಕರೆಗೆ ಆಗುತ್ತೆ ಅಷ್ಟೇ" ಅಂದೆ ನಾನು.

"ಬೀಜ ಉಳೀತಲ್ಲ ಅಣ್ಣ. ಉಳಿದ ಗದ್ದೆಗೆ ಬೇರೆ ಏನಾದ್ರೂ ತರ್ತೀನಿ."

ಅಲ್ಲೇ ಅಂಗಳದಲ್ಲಿ ಕೆಲಸ ಶುರು ಮಾಡಿದೆವು. ನಾನು ಮೊಟ್ಟೆ ತೇಲಿಸಿದೆ, ಜೊಳ್ಳು ತೆಗೆದೆ. ಆಮೇಲೆ ನನಗರಿವಿಲ್ಲದೆ ಕಾಲು ಚಪ್ಪಲಿ ಹುಡುಕುತ್ತಿತ್ತು.

"ಎಲ್ಲಿಗೆ?" ಅಂದಳು ಹಾಜರಾ. ನಾನು ಮತ್ತೆ ಬಕೆಟ್ ಪಕ್ಕ ಕುಳಿತೆ.

ಅವಳು ಒಂದು ಸಲ ತೊಳೆದು ನೀರು ಚೆಲ್ಲಿ, ಒಂದು ಕಾಳನ್ನು ದ್ಯಾಮಮ್ಮನ ಕೈಗೂ ಒಂದನ್ನು ನನ್ನ ಕೈಗೂ ಹಾಕಿದಳು. ನಾಲಿಗೆಗೆ ಇಟ್ಟುಕೊಂಡೆವು. ಇನ್ನೂ ಉಪ್ಪಿತ್ತು. ಎರಡನೇ ಸಲ ತೊಳೆದ ಮೇಲೆ ಸಪ್ಪೆಯಾಯಿತು. ಬೀಜದ ದಿನ ಅವಳು ಭತ್ತ ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೆ, ಕೆಟ್ಟ ಚಾಳಿ ಅಂತ ಬೈದೂ ಇದ್ದೆ.

ಅದೇ ಹೊತ್ತಿನಲ್ಲಿ ಗ್ರೂಪಿಗೆ ಹೊಸದಾಗಿ ರೆಕಾರ್ಡ್ ಮಾಡಿದೆವು. ಮೊದಲ ಸಲ ನಾನು ಹೇಳಿದ್ದು ಅರ್ಧವೇ, ಅದರಿಂದ ದ್ಯಾಮಮ್ಮನ ಬೀಜ ಕೆಟ್ಟಿತು, ತಪ್ಪು ನನ್ನದು ಎಂದು ಶುರುಮಾಡಿದೆ. ಜೊಳ್ಳು ತೆಗೆಯುವವರೆಗೆ ಹೇಳಿ ಫೋನನ್ನು ಹಾಜರಾಳ ಮುಂದೆ ಹಿಡಿದೆ. "ನಾನೇನು ಹೇಳ್ಲಿ" ಎಂದು ನಾಚಿಕೊಂಡವಳು, ಶುರುಮಾಡಿದ ಮೇಲೆ ನನಗಿಂತ ಹೆಚ್ಚು ಹೊತ್ತು ಮಾತಾಡಿದಳು.

ತೊಳೆದ ಬೀಜವನ್ನು ದ್ಯಾಮಮ್ಮ ಮನೆಗೆ ಒಯ್ದು ಒಳ್ಳೆ ನೀರಲ್ಲಿ ನೆನೆಹಾಕಿದಳು. ಮೂರನೇ ದಿನ ಅವಳ ಫೋನು ಬಂತು. "ಅಣ್ಣ, ಮೊಳಕೆ ಒಡೆದಿದೆ, ಅಷ್ಟೂ" ಅಂದಳು. ನನ್ನ ಕಣ್ಣು ತುಂಬಿಕೊಂಡಿತು. ಇನ್ನು ಸಸಿಮಡಿ ಹೇಗೆ ಮಾಡಬೇಕು, ನೀರು ಎಷ್ಟು ನಿಲ್ಲಿಸಬೇಕು ಎಂದು ವಿವರವಾಗಿ ಹೇಳಲು ಶುರುಮಾಡಿದೆ.

"ಒಂದು ನಿಮಿಷ ಇರಿ ಅಣ್ಣ" ಅಂದಳು. "ನಿಮ್ಮನೇಲಿ ಸಸಿಮಡಿ ಮಾಡೋರು ಯಾರು?"

ನಾನು ಫೋನನ್ನು ಹಾಜರಾಳ ಕೈಗೆ ಕೊಟ್ಟೆ.