ಒಡಪಿಲ್ಲದೆ ಬಾರದ ಹೆಸರು

ನಮ್ಮ ಕಡೆ ಬಸವಕಲ್ಯಾಣವನ್ನು ಯಾರೂ ಪೂರಾ ಹೆಸರು ಹಿಡಿದು ಕರೆಯುವುದಿಲ್ಲ. ಕಲ್ಯಾಣಕ್ಕೆ ಹೋಗಿದ್ದೆ, ಕಲ್ಯಾಣದಿಂದ ಬಂದೆ, ಅಷ್ಟೇ. ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನೂ ‘ಕಲ್ಯಾಣ, ಕಲ್ಯಾಣ’ ಎಂದೇ ಕೂಗುತ್ತಾನೆ. ಈ ಅರ್ಧ ಹೆಸರಿನ ಚಟದಿಂದ ನನ್ನ ಗಂಡ ಸಂಜುಕುಮಾರ ಪರದೇಶದ ಜೈಲಿಗೆ ಹೋಗುವುದೊಂದು ಬಾಕಿ ಇತ್ತು. ಈಗ ಅವರು ಹೊರಗೆ ಕಟ್ಟೆಯ ಮೇಲೆ ಕುಳಿತು ಚಹಾ ಹೀರುತ್ತಿದ್ದಾರೆ. ಹಾಗಾಗಿ ನಗುತ್ತ ಹೇಳುತ್ತಿದ್ದೇನೆ.

ನಮ್ಮದು ಕುರಿ ಕಾಯುವ ಮನೆತನ. ಇವರಿಗೆ ಮಾತ್ರ ಕುರಿ ಅಂದರೆ ಅಲರ್ಜಿ. ಡ್ರೈವಿಂಗ್ ಕಲಿತು ಚಿಟಗುಪ್ಪದ ದಾರಿಯಲ್ಲಿ ಟೆಂಪೋ ಓಡಿಸುತ್ತಿದ್ದರು. ಕುವೈತಿನಲ್ಲಿ ಸಾಹುಕಾರರ ಮನೆಯ ಕಾರು ಓಡಿಸುವ ಕೆಲಸವಿದೆ ಎಂದು ಏಜೆಂಟನೊಬ್ಬ ಆಸೆ ಹಚ್ಚಿದ. ನಾನು ಬೇಡ ಎಂದು ಜಗಳ ತೆಗೆದೆ, ಎರಡು ದಿನ ಮಾತು ಬಿಟ್ಟೆ. ಹೋಗುವವರು ಹೋದರು.

ವಿಮಾನ ಇಳಿದ ಕೂಡಲೇ ಮಾಲೀಕ ಪಾಸ್‌ಪೋರ್ಟು, ಮೊಬೈಲು ಎರಡನ್ನೂ ಕಿಸೆಗೆ ಹಾಕಿಕೊಂಡ. ಆಮೇಲೆ ಕುರಿ ತುಂಬಿದ ಲಾರಿಯೊಳಗೆ, ಕುರಿಗಳ ನಡುವೆ ಇವರನ್ನು ಬೋರಲು ಮಲಗಿಸಿ, ಮೇಲೆ ತಾಡಪತ್ರಿ ಎಳೆದು, ಗಡಿ ದಾಟಿಸಿ ಸೌದಿಯ ಮರಳುಗಾಡಿಗೆ ತಂದು ಬಿಟ್ಟ. ಆ ದೇಶಕ್ಕೆ ವೀಸಾ ಇಲ್ಲ, ಕೈಯಲ್ಲಿ ಕಾಗದವಿಲ್ಲ. ಕುರಿ ಬೇಡ ಎಂದು ಸಮುದ್ರ ದಾಟಿದವರಿಗೆ ಅಲ್ಲಿ ಸಿಕ್ಕಿದ್ದೂ ಕುರಿಯೇ. ಓಡಿಹೋದರೆ ಪೊಲೀಸರು ಹಿಡಿಯುತ್ತಾರೆ, ಹಿಡಿಯದಿದ್ದರೆ ನೀರಡಿಕೆ ಕೊಲ್ಲುತ್ತದೆ ಎಂದು ಮಾಲೀಕ ಹೇಳಿದ್ದನಂತೆ. ಅದು ಬರೀ ಬೆದರಿಕೆಯಲ್ಲ. ಇವರಿಗಿಂತ ಮುಂಚೆ ಓಡಿಹೋಗಿದ್ದ ಬಿಹಾರದವನೊಬ್ಬನ ಚಪ್ಪಲಿ, ಖಾಲಿ ನೀರಿನ ಡಬ್ಬಿ ಮರಳಿನಲ್ಲಿ ಇವರಿಗೇ ಸಿಕ್ಕವು. ಅವನು ಸಿಗಲಿಲ್ಲ.

ಹೆಚ್ಚುಕಡಿಮೆ ಎರಡು ವರ್ಷ ನಮಗೆ ಸುದ್ದಿಯೇ ಇರಲಿಲ್ಲ. ಏಜೆಂಟ್ ಅಂಗಡಿಗೆ ಬೀಗ ಹಾಕಿ ಪರಾರಿಯಾಗಿದ್ದ. ಊರವರು ನನ್ನನ್ನು ನೋಡಿ ದನಿ ತಗ್ಗಿಸಲು ಶುರು ಮಾಡಿದ್ದರು. ನನಗೆ ಅಳುವಿಗಿಂತ ಸಿಟ್ಟೇ ಜಾಸ್ತಿ ಬರುತ್ತಿತ್ತು.

ಕೊನೆಗೆ ಒಂದು ದಿನ ಅತ್ತೆ ಧೂಳಮ್ಮನ ಫೋನು ಹೊಡೆದುಕೊಂಡಿತು. ಆ ನಂಬರೊಂದೇ ಇವರಿಗೆ ಬಾಯಿಪಾಠ. ಮರಳುಗಾಡಿನಿಂದ ತಪ್ಪಿಸಿಕೊಂಡು, ಒಬ್ಬ ಲಾರಿ ಡ್ರೈವರನ ಪುಣ್ಯದಿಂದ ದೊಡ್ಡ ಊರು ಸೇರಿ, ನಮ್ಮ ದೇಶದವರ ಆಫೀಸಿನ, ಅಂದರೆ ರಾಯಭಾರ ಕಚೇರಿಯ ಆಶ್ರಯದಲ್ಲಿದ್ದರು. ಕುರಿ ಕದ್ದು ಓಡಿದ್ದಾನೆ ಎಂದು ಮಾಲೀಕ ದೂರು ಕೊಟ್ಟಿದ್ದ. ಇವನು ನಮ್ಮವನು ಎಂದು ಆಫೀಸಿನವರು ಒಪ್ಪಿಕೊಂಡರೆ ಊರಿಗೆ, ಇಲ್ಲದಿದ್ದರೆ ಪೊಲೀಸರ ಕೈಗೆ.

ಅಲ್ಲೇ ಕಲ್ಯಾಣ ಕೈಕೊಟ್ಟಿತು. ಊರು ಯಾವುದು ಎಂದು ಕೇಳಿದಾಗ ಇವರು ಠೀವಿಯಿಂದ ‘ಕಲ್ಯಾಣ’ ಎಂದಿದ್ದಾರೆ. ಬರೆದುಕೊಂಡವನು ಮುಂಬೈ ಹತ್ತಿರದ ಕಲ್ಯಾಣ ಎಂದು ತಿಳಿದ. ಅಲ್ಲಿ ವಿಚಾರಿಸಿದರೆ ಇಂಥವನೇ ಇಲ್ಲ ಎಂಬ ಉತ್ತರ ಬಂತು. ಆಮೇಲೆ ಇವರು ‘ಕರ್ನಾಟಕದ ಕಲ್ಯಾಣ ಸಾಹೇಬ್’ ಎಂದು ಗೋಗರೆದರೆ, ಮೊದಲೊಂದು ಹೇಳಿ ಈಗೊಂದು ಹೇಳುತ್ತೀಯಾ ಎಂದು ಅನುಮಾನ ಬಲಿಯಿತು. ಮಾತೋ, ಅರ್ಧ ಉರ್ದು, ಅರ್ಧ ಮರಾಠಿ. ನಾವು ಆಧಾರ್ ಕಾರ್ಡಿನ ಫೋಟೋ ಕಳಿಸಿದೆವು. ಅದರಲ್ಲಿ ಊರು ಬಸವಕಲ್ಯಾಣ, ಇವರು ಹೇಳಿದ್ದು ಬರೀ ಕಲ್ಯಾಣ. ಅದರಲ್ಲಿದ್ದವನು ಗುಂಡು ಮುಖದ ಹುಡುಗ, ಎದುರಿಗಿದ್ದವನು ಸುಟ್ಟ ಕೊರಡು. ಬೇರೆಯವರ ಕಾರ್ಡು ತೋರಿಸಿ ವಿಮಾನ ಹತ್ತುವವರೂ ಇದ್ದಾರೆ, ಹೆಂಡತಿ ವಿಡಿಯೋದಲ್ಲಿ ಗುರುತು ಹಿಡಿಯಲಿ ಎಂದು ಆಫೀಸಿನವರು ಅಂದರು.

ಫೋನಿನಲ್ಲಿ ಅಜೀತ ಎಂಬ ಅಧಿಕಾರಿ ಬಂದ. ಲಾತೂರಿನ ಕಡೆಯವನಂತೆ, ಕನ್ನಡ ಬಾರದು, ಹಿಂದಿಯಲ್ಲಿ ಮಾತು. ಅವನ ಪಕ್ಕದಲ್ಲಿ ಇವರು. ಕಣ್ಣು ಮಾತ್ರ ಅವೇ.

“ಇವನು ಯಾರು?”

“ನಮ್ಮ ಮನೆಯವರು.”

“ಹೆಸರು ಹೇಳಿ.”

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಅತ್ತೆಯಂತೂ ಮಾವ ತೀರಿಕೊಂಡ ಮೇಲೂ ಅವರ ಹೆಸರೆತ್ತಿದವರಲ್ಲ, ರೇಷನ್ ಅಂಗಡಿಯಲ್ಲಿ ಕೇಳಿದರೂ ಮುಖ ತಿರುಗಿಸುವವರು. ಕಾಲೇಜು ಕಟ್ಟೆ ಹತ್ತಿದ ನಾನು ಇದೆಲ್ಲ ಹಳೇ ಕಂದಾಚಾರ ಎಂದು ಮದುವೆಗೆ ಮುಂಚೆ ಬಡಾಯಿ ಕೊಚ್ಚಿದ್ದೆ. ಆದರೆ ರೂಢಿ ಎನ್ನುವುದು ನನಗೆ ಗೊತ್ತಿಲ್ಲದೆಯೇ ನಾಲಿಗೆಯಲ್ಲಿ ಮನೆ ಮಾಡಿತ್ತು.

“ಹೆಸರೂ ಗೊತ್ತಿಲ್ಲವೇ?” ಅಜೀತನ ಹುಬ್ಬು ಗಂಟಿಕ್ಕಿತು. “ಕೊನೆಯ ಸಲ ಕೇಳುತ್ತಿದ್ದೇನೆ.”

ಅತ್ತೆ ನನ್ನ ರಟ್ಟೆ ಹಿಂಡಿದರು. “ಹೇಳ, ಧನಶ್ರೀ! ಯಾಕ ಕಲ್ಲಾಗಿ ಕುಂತಿ? ನನ್ನ ಮಗನ ಜೀವದ ಮಾತೈತಿ!”

“ಬರವಲ್ದು ಅತ್ತಿ,” ಎಂದೆ. ಕಣ್ಣಲ್ಲಿ ನೀರು ಬಂತು.

“ಹ್ಯಾಂಗ ಬರವಲ್ದು? ಹಂಗ ಬರಲಿಲ್ಲಂದ್ರ ಒಡಪು ಕಟ್ಟಿ ಹೇಳ!”

ಮದುವೆ, ಸೀಮಂತದ ಕುಬಸಗಳಲ್ಲಿ ಹೆಂಗಸರು ಸುತ್ತುವರಿದು ಕಾಡಿದಾಗ ಎರಡು ಸಾಲಿನ ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಸಿಕ್ಕಿಸುವುದೇ ಒಡಪು. ಅದಕ್ಕೆ ನಾಲಿಗೆಯ ಅಡ್ಡಿಯಿಲ್ಲ. ಅರಿಶಿನದ ಮನೆಯಲ್ಲಿ ಹೇಳಬೇಕಾದ್ದನ್ನು ಸರಕಾರದ ಮುಂದೆ ಹೇಳುವ ಕಾಲ ಬಂತಲ್ಲ ಎಂದುಕೊಂಡು, ಸೆರಗು ತಲೆ ಮೇಲೆ ಹೊದ್ದು, ಒಂದೇ ಉಸಿರಿಗೆ ಹಾಡಿಬಿಟ್ಟೆ:

“ಬಸವಕಲ್ಯಾಣದ ಪ್ಯಾಟ್ಯಾಗ ಸೀರಿ ಜರತಾರ,
ಕುರಿ ಮರಿ ಹಾದಿ ನೋಡಾಕತ್ತಾವ, ಬರ್ರಿ ಸಂಜುಕುಮಾರ!”

ಇವರು ತಲೆ ತಗ್ಗಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಕಿವಿ ಕೆಂಪಾಗಿತ್ತು. ಗಡಿ ದಾಟಿ, ಮರಳು ದಾಟಿ ಬಂದ ಗಂಡಸು ಮದುಮಗನ ಹಾಗೆ ನಾಚಿ ನೀರಾಗಿದ್ದರು.

“ಅರೇ, ಹಾ ತರ್ ಉಖಾಣಾ!” ಅಜೀತ ಮರಾಠಿಯಲ್ಲಿ ಕೂಗಿಕೊಂಡ. ಒಡಪಿಗೆ ಅವರ ಕಡೆ ಉಖಾಣಾ ಎನ್ನುತ್ತಾರೆ. ನನ್ನ ಕನ್ನಡ ಅವನಿಗೆ ತಿಳಿದಿರಲಿಲ್ಲ, ಆದರೆ ಆ ಓಲಾಟ, ಆ ಕೊನೆಯ ಹೆಸರು ತಿಳಿಯದೆ ಇರುತ್ತದೆಯೇ? ತನ್ನ ಹೆಂಡತಿಯೂ ಹೀಗೆಯೇ, ಬ್ಯಾಂಕಿನಲ್ಲಿ ತನ್ನ ಗಂಡನ ಹೆಸರು ಕೇಳಿದರೆ ತೊದಲುತ್ತಾಳೆ ಎಂದು ನಕ್ಕ. ಮೇಜಿನಾಚೆ ಯಾರಿಗೋ ಹೇಳಿದ್ದು ನಮಗೂ ಕೇಳಿಸಿತು: “ಪರರ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಬಂದರೆ ಯಾರಾದರೂ ಹೀಗೆ ನಾಚುತ್ತಾರೇನು? ಇವನು ಇವಳ ಗಂಡನೇ. ಕಲ್ಯಾಣ ಅಲ್ಲ, ಬಸವಕಲ್ಯಾಣ. ಸರಿಯಾಗಿ ಬರೀರಿ.”

ಸರಿಯಾಗಿ ಬರೆದ ಮೇಲೆ ಬೀದರ್ ಕಡೆಯಿಂದ ಉತ್ತರ ಬರಲು ತಡವಾಗಲಿಲ್ಲ. ಹೈದರಾಬಾದ್ ಬಸ್ಸಿನಿಂದ ಹುಮನಾಬಾದಿನಲ್ಲಿ ಇಳಿದವರನ್ನು ಅತ್ತೆ ಅಪ್ಪಿಕೊಂಡು ಅತ್ತರು. ನಾನು ಮೊದಲು ಬೈದೆ. ಮನೆಗೆ ಬರುವ ತನಕ ಬೈದೆ. ಇವರು ಖುಷಿಯಿಂದ ಕೇಳುತ್ತ ಕುಳಿತಿದ್ದರು. ಎಷ್ಟು ಸುಖವಾಗಿತ್ತು ಆ ಬೈಗುಳ!

ಈಗ ಇವರಿಗೆ ಕುರಿಯ ಮೇಲೆ ಸಿಟ್ಟಿಲ್ಲ. ಇಲ್ಲಿ ಬೇಕಾದಾಗ ಮನೆಗೆ ಬರಬಹುದಲ್ಲ ಎನ್ನುತ್ತಾರೆ. ಕಳೆದ ವಾರ ಹುಡಗಿ ಎಂಬ ಊರಿನ ರೈತರೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಜೊತೆಗೆ ನಡೆಯುವಾಗ ತಾವಾಗಿಯೇ ಅಂದರು: “ಅಲ್ಲಿ ಮಾಲೀಕ ನಾಯಿಗಿ ಹೊಡದಂಗ ಸೀಟಿ ಹೊಡೀತಿದ್ದ, ಧನಶ್ರೀ. ಎರಡು ವರ್ಷ ಯಾರೂ ನನ್ನ ಹೆಸರು ತಗೊಂಡು ಕರೀಲಿಲ್ಲ. ನನಗೂ ಒಂದು ಹೆಸರೈತಿ ಅನ್ನೂದ ಮರತಿದ್ದೆ. ಫೋನಿನ್ಯಾಗ ನೀ ಅಂದಿ ನೋಡು, ಆಗ ನೆನಪಾತು.”



ಮಧ್ಯಾಹ್ನ ಊಟದ ಹೊತ್ತಿಗೆ ಅವರು ಹೊಲದ ಆ ತುದಿಯಲ್ಲಿದ್ದರು. ಅತ್ತೆ ಬೇವಿನ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ‘ಏನ್ರೀ’ ಎಂದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಆಮೇಲೆ ಒಡಪಿಲ್ಲ, ಪ್ರಾಸವಿಲ್ಲ, ಬಾಯಿಂದ ಬಂದೇಬಿಟ್ಟಿತು: “ಸಂಜುಕುಮಾರಾ!”

ಗಾಬರಿಯಾಗಿ ನಾಲಿಗೆ ಕಚ್ಚಿಕೊಂಡು ಅತ್ತೆಯ ಕಡೆ ನೋಡಿದೆ. ಅವರು ತಲೆ ಎತ್ತದೆ ರೊಟ್ಟಿ ಎಣಿಸುತ್ತಲೇ ಅಂದರು: “ಇನ್ನಷ್ಟ ಜೋರಾಗಿ ಕರಿ. ಗಾಳಿ ಆ ಕಡಿಂದ ಬೀಸಾಕತ್ತೈತಿ, ಅವಂಗ ಕೇಳಿಲ್ಲ.”

ನಾನು ಎದ್ದು ನಿಂತು ಮತ್ತೆ ಕರೆದೆ. ಕುರಿಗಳ ಆಚೆಯಿಂದ ಅವರು ‘ಓ’ ಎಂದರು.