ತೇಗದ ಮನೆಯ ಬಾಗಿಲು

ದೆವ್ವಗಳಿಗೆ ಸಿನಿಮಾ ತೋರಿಸುವವರಿಗೆ ಕುರ್ಚಿಯ ಚಿಂತೆಯಿಲ್ಲ. ಖಾಲಿ ಕಂಡಷ್ಟೂ ತುಂಬಿದೆ ಎಂದೇ ಲೆಕ್ಕ. ಆದರೂ ಬುವಾಲೈ ಹುಣಸೆ ಮರದ ಕೆಳಗೆ, ಊರು ಕಾಯುವ ಹಿರಿಯ ದೆವ್ವ ಊರಜ್ಜನ ಗುಡಿಯೆದುರು, ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದಳು. ಮುಂದಿನ ಸಾಲಿಗೆ ಕೆಂಪು ಸೋಡಾದ ಬಾಟಲಿಗಳನ್ನಿಟ್ಟು, ಒಂದೊಂದಕ್ಕೂ ಕುಡಿಯುವ ಕೊಳವೆ ಸಿಕ್ಕಿಸಿದಳು. ಸತ್ತವರು ಬಾಟಲಿ ಎತ್ತಿ ಗಟಗಟ ಕುಡಿಯುವುದಿಲ್ಲವಲ್ಲ.

ಹರಕೆ ಅವಳದೇ. ಗಂಡ ಖಾಮ್‌ಸಿಂಗ್ ಗಂಟಲ ಗಡ್ಡೆಯ ಆಪರೇಷನ್ ಮುಗಿಸಿ ಬದುಕಿ ಬಂದರೆ ಊರಜ್ಜನಿಗೂ ಅವನ ಬಳಗಕ್ಕೂ ‘ತೇಗದ ಮನೆ’ ಸಿನಿಮಾ ತೋರಿಸುತ್ತೇನೆ ಎಂದು ಹೇಳಿಕೊಂಡಿದ್ದಳು. ಬದುಕಿ ಬಂದ. ಬಂದವನು ಅಂಗಳದಲ್ಲಿ ನಿಂತು “ನೀರು” ಎಂದ. ಆ ಗೊಗ್ಗರು ದನಿಗೆ ತಾನೇ ಅನ್ನ ಹಾಕಿ ಸಾಕಿದ ನಾಯಿ ದಾಂಗ್ ಬೊಗಳಿಬಿಟ್ಟಿತು. ಅವತ್ತೇ ಕೊನೆ. ಗಂಟಲು ವಾಸಿಯಾಗಿದೆ, ಮಾತಾಡಿಸಿ ಎಂದು ಡಾಕ್ಟರು ಹೇಳಿದರೂ ಅವನು ಬಾಯಿ ತೆರೆಯಲಿಲ್ಲ. ಬೇಕಾದ್ದನ್ನು ಮೇಜು ಕುಟ್ಟಿ ಕೇಳುತ್ತಿದ್ದ. ಬುವಾಲೈ ಪ್ರಾಣ ಕೇಳಿದ್ದಳು, ದನಿ ಕೇಳಲು ಮರೆತಿದ್ದಳು. ಈಗ ಆ ದನಿ ಕೇಳಿದರೆ ಸಾಕಾಗಿತ್ತು, ಗೊಗ್ಗರಾದರೂ ಸರಿ.

ಅದೇನು ಸಾಮಾನ್ಯ ಗಂಟಲೇ! ಹಿಂದೆ ಪರದೆಯ ಪಕ್ಕ ಕೂತು, ಮಾತಿಲ್ಲದ ರೀಲಿಗೆ ಮೈಕಿನಲ್ಲಿ ಮಾತು ತುಂಬುವುದು ಗಂಡ ಹೆಂಡತಿಯ ಕಸುಬು. ಹೆಂಗಸರೆಲ್ಲ ಅವಳ ಪಾಲು. ನಾಯಕ, ಖಳನಾಯಕ, ಕುದುರೆ, ಮಳೆ ಎಲ್ಲ ಅವನ ಪಾಲು. ‘ತೇಗದ ಮನೆ’ಯಲ್ಲಿ ದೆವ್ವ ಕೊನೆಯವರೆಗೂ ಮುಖ ತೋರಿಸುತ್ತಿರಲಿಲ್ಲ. ಒಂದು ಬಾಗಿಲು ಕಿರುಗುಟ್ಟುತ್ತಿತ್ತು, ಅಷ್ಟೇ. ಆ ಬಾಗಿಲು ಖಾಮ್‌ಸಿಂಗನ ಗಂಟಲಲ್ಲಿತ್ತು. ಅದು ತೆರೆದರೆ ಹೆದರಿದ ಹೆಂಗಸರು ಪಕ್ಕದವರ ಗಂಡನ ಕೈ ಹಿಡಿದದ್ದೂ ಉಂಟು, ಬಿಡಲು ಮರೆತದ್ದೂ ಉಂಟು.

ಊರೂರಿಗೆ ಹೋಗಿ ಸಿನಿಮಾ ತೋರಿಸುವ ಪ್ರದಿತ್ ವ್ಯಾನಿನಿಂದ ಪೆಟ್ಟಿಗೆ ಇಳಿಸುತ್ತ, “ಅಜ್ಜೀ, ಹಳೇ ರೀಲು ಹಾಳಾಗೋಯ್ತು. ಇದು ಹೊಸದಾಗಿ ತೆಗ್ದಿರೋದು. ಹೆಸ್ರು ಅದೇ, ಕಥೆ ಅದೇ. ದೆವ್ವ ಮಾತ್ರ ಕಂಪ್ಯೂಟರ್‌ದು,” ಎಂದ.

“ನೋಡೋರು ಮೊದ್ಲೇ ಸತ್ತಿದಾರೆ ಕಣೋ. ಇನ್ನೊಂದ್ಸಲ ಸಾಯಿಸ್ಬೇಡ.”

“ಅವ್ರಿಗೇನು ಗೊತ್ತಾಗತ್ತೆ ಬಿಡಿ!”

“ನಿಂಗಿಂತ ಜಾಸ್ತಿ ಸಿನಿಮಾ ನೋಡಿದಾರೆ ಅವ್ರು.”

ಪ್ರದಿತ್ ಮೈಕು ಹಿಡಿದು, ಯಾರ ಹರಕೆ, ಯಾರಿಗಾಗಿ ಎಂದು ಊರಜ್ಜನಿಗೆ ಒಪ್ಪಿಸಿ ಸಿನಿಮಾ ಶುರು ಮಾಡಿದ. ಪರದೆಯ ಮೇಲೆ ನಟರ ಹೆಸರುಗಳು ಮುಗಿಯುವುದರೊಳಗೇ ದೆವ್ವ ಹಾಜರಾಯಿತು, ಸಂಬಳಕ್ಕೆ ಬಂದ ನೌಕರನ ಹಾಗೆ. ಬಂದದ್ದೇ ಬಾಯಗಲಿಸಿ ಘರ್ರೆಂದಿತು, ಮತ್ತೆ ಘರ್ರೆಂದಿತು. ಈ ಮನೆಯಲ್ಲಿ ತೇಗಕ್ಕಿಂತ ತೇಗೇ ಹೆಚ್ಚಾಯಿತು. ಇನ್ನು ಆ ಬಾಗಿಲು! ಸದ್ದಿಲ್ಲದೆ, ಬ್ಯಾಂಕಿನ ಬಾಗಿಲಿನಂತೆ ನುಣ್ಣಗೆ ತೆರೆದುಕೊಂಡಿತು.

ಹಿಂದಿನ ಸಾಲಿನಲ್ಲಿ ದಾಂಗ್ ನಿದ್ದೆ ಹೋಗಿತ್ತು. ಅದರ ಪಕ್ಕ ಕೂತಿದ್ದ ಖಾಮ್‌ಸಿಂಗ್, ಅನ್ನದಲ್ಲಿ ಕಲ್ಲು ಸಿಕ್ಕವನಂತೆ ಮುಖ ಮಾಡಿ ಮನೆಗೆ ಹೊರಟು ನಿಂತ. ಬುವಾಲೈ ಅವನನ್ನು ತಡೆಯಲು ಎದ್ದಳು. ಮರುಕ್ಷಣ ಅವಳಿಗೆ ಹೊಳೆಯಿತು: ಆಸ್ಪತ್ರೆಯಿಂದ ಬಂದಮೇಲೆ ಆ ಮುಖದಲ್ಲಿ ಸಿಟ್ಟು ಕಂಡದ್ದು ಇದೇ ಮೊದಲು.

“ಪ್ರದಿತ್, ಸೌಂಡ್ ನಿಲ್ಸು. ಮೈಕು ಕೊಡಿಲ್ಲಿ.”

ಪರದೆಯ ಮೇಲೆ ಹುಡುಗಿ ಮೆಟ್ಟಿಲು ಹತ್ತುತ್ತಿದ್ದಳು. ಬುವಾಲೈ ಗಂಟಲು ಸರಿಮಾಡಿಕೊಂಡು, ಹರೆಯದವಳ ದನಿ ತೆಗೆದಳು. “ಯಾರದು? ಬಾಗ್ಲ ಹತ್ರ ಯಾರು?” ಆಮೇಲೆ ಬಾಗಿಲಿಗಾಗಿ ಬೇಕೆಂದೇ “ಕೀಂಯ್” ಎಂದಳು, ಬಾಲ ತುಳಿಸಿಕೊಂಡ ಬೆಕ್ಕಿನಂತೆ.

ಪ್ರದಿತ್ ಕಿಸಕ್ಕನೆ ನಕ್ಕ. ಹೊರಟಿದ್ದ ಖಾಮ್‌ಸಿಂಗ್ ಅಲ್ಲೇ ನಿಂತ. ತಿರುಗಿ, ಹಾಗಲ್ಲ ಎಂಬಂತೆ ಕೈಯಾಡಿಸಿದ.

“ಏನಜ್ಜಾ? ಚೆನ್ನಾಗೇ ಬಂತಲ್ವಾ?” ಎಂದಳು ಅವಳು ಗಂಡನಿಗೆ, ಮೈಕಿನಲ್ಲೇ. ಪರದೆಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಈ ಸಲ “ಕ್ವಾಕ್” ಎಂದಳು. ಬಾತುಕೋಳಿ ಕೇಳಿದ್ದರೂ ನಾಚುತ್ತಿತ್ತು.

ಇಷ್ಟಾದಮೇಲೆ ತಡೆದುಕೊಳ್ಳಲು ಅವನು ದೇವರೇ? ಮೊದಲ ಸಾಲಿನ ದೆವ್ವಗಳ ಕಾಲು ತುಳಿದುಕೊಂಡೇ ಬಂದ. ಒಂದು ಸೋಡಾ ಬಾಟಲಿ ಉರುಳಿತು. ಮೈಕು ಕಿತ್ತುಕೊಂಡ. ಹುಡುಗಿ ಮೂರನೆಯ ಬಾಗಿಲಿಗೆ ಕೈಹಾಕುವವರೆಗೆ ಕಾದ.

ಮೊದಲು ಬರೀ ಗಾಳಿ. ಆಮೇಲೆ ಗಾಳಿಯ ತಳದಲ್ಲೆಲ್ಲೋ ಒಂದು ಎಳೆ ಹರಿಯಿತು, ಒಣಗಿತು, ತರಿತರಿಯಾಗಿ ಮೇಲೇಳುತ್ತ ಬಂತು. ತುಕ್ಕು ಹಿಡಿದ ತಿರುಗಣಿ, ಮಳೆ ಕುಡಿದ ಹಲಗೆ, ವರ್ಷಗಟ್ಟಲೆ ಯಾರೂ ಮುಟ್ಟದ ಚಿಲಕ, ಎಲ್ಲ ಆ ಗಾಯದ ಗಂಟಲಲ್ಲಿ ಕೂಡಿ ನರಳಿದವು. ಹರೆಯದಲ್ಲಿ ಅವನು ಬಾಗಿಲನ್ನು ಅಣಕಿಸುತ್ತಿದ್ದ. ಈಗ ಬಾಗಿಲೇ ಅವನಾಗಿತ್ತು.

ಪ್ರದಿತನ ನಗು ನಿಂತುಹೋಯಿತು. ಬುವಾಲೈ ಮುಂದಿನ ಮಾತು ಹೇಳಬೇಕಿತ್ತು, ಹೇಳಲಾಗಲಿಲ್ಲ. ಪರದೆಯ ಹುಡುಗಿ ಸುಮ್ಮನೆ ತುಟಿಯಾಡಿಸುತ್ತಿದ್ದಳು.

“ನಿನ್ ಬಾಗ್ಲಿಗೆ...” ಖಾಮ್‌ಸಿಂಗ್ ಉಸಿರು ಕೂಡಿಸಿಕೊಂಡ. “ಎಣ್ಣೆ ಜಾಸ್ತಿ ಆಯ್ತು, ಅಜ್ಜಿ.”

“ಹೂಂ, ಬಂದ್ಬಿಟ್ರು ದೊಡ್ಡ ಬಡಗಿ!” ಎಂದು ಅವಳು ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಹಿಂದಿನ ಸಾಲಿನಲ್ಲಿ ದಾಂಗ್ ಎಚ್ಚೆತ್ತು, ಕಿವಿ ನಿಮಿರಿಸಿ ಬೊಗಳತೊಡಗಿತು. ಬುವಾಲೈ ಗಾಬರಿಯಿಂದ ಗಂಡನ ಮುಖ ನೋಡಿದಳು. ಅವನು ಮೈಕು ಕೆಳಗಿಡಲಿಲ್ಲ. ಇನ್ನಷ್ಟು ಬಾಯಿಯ ಹತ್ತಿರ ತಂದ.

“ಸುಮ್ನಿರೋ,” ಎಂದ, ಹುಣಸೆ ಮರಕ್ಕೆಲ್ಲ ಕೇಳುವಂತೆ. “ನಾನೇ ಕಣೋ.”